ನಲವತ್ತು ಮಾರು ಆಳ: ನಮ್ಮ ಶಾಲೆ ಮಕ್ಕಳು ಮಲ್ಪೆಯ ಬೋಟ್ ಹತ್ತಿದ ಕತೆ

“ಮಿಸ್, ಮಳೆ ಬಂದು ಕೆರೆ ತುಂಬಿದೆ. ಮತ್ಯಾಕೆ ಬಂಗುಡೆ ಬರ್ತಿಲ್ಲ?”

ಜೂನ್ ಎರಡನೇ ವಾರ ಎಂಟನೇ ತರಗತಿಯ ಹುಡುಗನೊಬ್ಬ ಕೇಳಿದ್ದು ಇದು. ನನಗೆ ನಗು ಬಂತು. ಆದರೆ ಕ್ಲಾಸಿನಲ್ಲಿ ಬೇರೆ ಯಾರೂ ನಗಲಿಲ್ಲ. ಅವರಿಗೂ ಅದೇ ಅನುಮಾನ ಇತ್ತು.

ನಾನು ಶಿವಮೊಗ್ಗ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಕಡೆ ವಾರಕ್ಕೆರಡು ದಿನ ಬೈಕಿನ ಹಿಂದೆ ಐಸ್ ಡಬ್ಬ ಕಟ್ಟಿಕೊಂಡು ಮೀನಿನಣ್ಣ ಬರುತ್ತಾರೆ. ಬಂಗುಡೆ, ಬೂತಾಯಿ ಎಲ್ಲರ ಮನೆಯಲ್ಲೂ ಸಾರಾಗುತ್ತದೆ. ಆದರೆ ಆ ಕ್ಲಾಸಿನ 34 ಮಕ್ಕಳಲ್ಲಿ ಸಮುದ್ರ ನೋಡಿದವರು ಐದೇ ಜನ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಅದು ಮೀನು ಮೊಟ್ಟೆ ಇಡುವ ಕಾಲ ಎಂದು ಬೋರ್ಡಿನ ಮೇಲೆ ಬರೆದೆ. ಬರೆದುಕೊಂಡರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಇದನ್ನು ಮೀನು ಹಿಡಿಯುವವರ ಬಾಯಲ್ಲೇ ಕೇಳಿಸಬೇಕು ಅಂತ ಆಗ ಅನ್ನಿಸಿತು.

ಆ ಅನ್ನಿಸಿದ್ದು ಕೈಗೂಡಲು ಆರು ತಿಂಗಳು ಬೇಕಾಯಿತು. ಬೇರೆ ಶಾಲೆಯವರು ಯಾರಾದರೂ ಇದಕ್ಕೆ ಕೈ ಹಾಕುವುದಾದರೆ ನಾನು ಸುತ್ತಿದ ಸುತ್ತೆಲ್ಲ ಸುತ್ತುವುದು ಬೇಡ ಅಂತ ಬರೆಯುತ್ತಿದ್ದೇನೆ.

ಮೊದಲ ತಪ್ಪು, ನಾನು ಪತ್ರ ಬರೆಯಲು ಕೂತದ್ದು. ಶಾಲೆಯ ಲೆಟರ್‌ಹೆಡ್, ಸೀಲು, ಎಚ್‌ಎಂ ಸಹಿ ಎಲ್ಲ ಹಾಕಿ ಮೂರು ಕಡೆ ಕಳಿಸಿದೆ. ಒಂದು ತಿಂಗಳು ಕಾದೆ. ಒಂದು ಕಚೇರಿಗೆ ಫೋನ್ ಮಾಡಿದರೆ “ಪತ್ರ ಬಂದಿಲ್ಲ” ಅಂದರು. ಇನ್ನೊಮ್ಮೆ ಮಾಡಿದಾಗ “ಬಂದಿದೆ, ಸಂಬಂಧಪಟ್ಟವರು ರಜೆ” ಅಂದರು. ಮೂರನೆಯ ಸಲ ಯಾರೂ ಎತ್ತಲಿಲ್ಲ.

ಕೆಲಸ ಆಗಿದ್ದು ಮೀನಿನಣ್ಣನಿಂದ. ಮಳೆಗಾಲದಲ್ಲಿ ಅವರು ಸಂತೆಯಲ್ಲಿ ಒಣಮೀನು ಮಾರುತ್ತಾರೆ. ಅಲ್ಲೇ ಹಿಡಿದು ಕೇಳಿದೆ, “ಅಣ್ಣ, ನಿಮಗೆ ಈ ಮೀನು ಕೊಡೋದು ಯಾರು?” ಶಿವಮೊಗ್ಗ ಮಾರ್ಕೆಟ್ಟಿನ ಒಬ್ಬರು. ಅವರಿಗೆ ಕೊಡುವುದು ಮಲ್ಪೆಯ ಒಬ್ಬ ಏಜೆಂಟರು. ಏಜೆಂಟರ ಗುರುತಿನಲ್ಲಿ ಒಬ್ಬ ತಾಂಡೇಲರು, ಅಂದರೆ ಬೋಟ್ ನಡೆಸುವ ಮುಖ್ಯಸ್ಥರು. ಮೀನು ಬಂದ ದಾರಿಯಲ್ಲೇ ಹಿಂದಕ್ಕೆ ಹೋದೆ ನೋಡಿ, ಐದು ದಿನದಲ್ಲಿ ನಂಬರ್ ಸಿಕ್ಕಿತು. ಮೊದಲು ಮನುಷ್ಯರನ್ನು ಹುಡುಕಿ, ಪತ್ರ ಆಮೇಲೆ. ಹುಡುಕುವುದಾದರೆ ಜೂನ್, ಜುಲೈನಲ್ಲೇ ಹುಡುಕಿ. ಆಗ ಬೋಟುಗಳು ದಕ್ಕೆಯಲ್ಲಿ, ಅಂದರೆ ಬಂದರಿನ ಕಟ್ಟೆಯಲ್ಲಿ ಇರುತ್ತವೆ, ಜನ ಮನೆಯಲ್ಲಿರುತ್ತಾರೆ, ಮಾತಾಡಲು ಪುರುಸೊತ್ತು ಇರುತ್ತದೆ. ಆಗಸ್ಟ್ ಬಂದರೆ ಯಾರೂ ಕೈಗೆ ಸಿಗುವುದಿಲ್ಲ.

ತಾಂಡೇಲರ ಊರು ಹೊನ್ನಾವರದ ಕಡೆ. ಮಲ್ಪೆ ಬೋಟುಗಳಲ್ಲಿ ಉತ್ತರ ಕನ್ನಡದವರು ಬಹಳ ಜನ ಇದ್ದಾರೆ. ಮೊದಲ ಸಲ ಫೋನ್ ಮಾಡಿದಾಗ ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, “ನಾನು ಕಲ್ತದ್ದು ಐದನೇತಿ ಅಕ್ಕೋರೆ. ಮಕ್ಕಳಿಗೆ ಎಂತ ಹೇಳುದು ನಾನು?” ಅಂದರು. ನಾನು ಆ ಬಂಗುಡೆ ಪ್ರಶ್ನೆ ಹೇಳಿದೆ. ಫೋನಿನಲ್ಲೇ ಜೋರಾಗಿ ನಕ್ಕರು. “ಕೆರೆ ತುಂಬಿದೆ ಅಂದ್ನಾ? ಅವ್ನ ಕೈಲಿ ಫೋನ್ ಕೊಡಿ.”

ಮಕ್ಕಳನ್ನು ಒಂದು ದಿನ ಬೋಟಿನಲ್ಲಿ ಕಡಲಿಗೆ ಕರೆದುಕೊಂಡು ಹೋಗುವ ಆಸೆ ನನಗಿತ್ತು. ಅದನ್ನು ಅವರು ಮೊದಲ ದಿನವೇ ಕತ್ತರಿಸಿ ಹಾಕಿದರು. ಮೀನುಗಾರಿಕೆ ಬೋಟಿಗೆ ಇರುವುದು ಮೀನು ಹಿಡಿಯುವ ಲೈಸೆನ್ಸ್, ಜನರನ್ನು ಸಾಗಿಸುವುದಲ್ಲ. ಏನಾದರೂ ಆದರೆ ಬೋಟೂ ಹೋಯಿತು, ಮಾಲೀಕರೂ ಹೋದರು. ಮಕ್ಕಳ ಮಾತಂತೂ ಬೇಡ. ನೀವೂ ಈ ಆಸೆ ಇಟ್ಟುಕೊಳ್ಳಬೇಡಿ. ಯಾರಾದರೂ “ಹತ್ತೇ ನಿಮಿಷ, ಏನೂ ಆಗಲ್ಲ” ಅಂದರೂ ಹೂಂ ಅನ್ನಬೇಡಿ.

ಹಾಗಾದರೆ ಏನು ಮಾಡುವುದು? ದಾರಿ ತೋರಿಸಿದ್ದೂ ಅವರೇ. “ನೀವು ಕೇಳಿ, ನಾ ಹೇಳಿ ಕಳಸ್ತೆ. ವಾಟ್ಸಾಪ್ ಅದೆಯಲ್ಲ.”

ಆಗಸ್ಟಿನಲ್ಲಿ ಬೋಟ್ ಹೊರಟಿತು. ಆಳ ಸಮುದ್ರದ ಟ್ರಾಲ್ ಬೋಟ್ ಅದು, ಅಂದರೆ ಬಲೆ ಎಳೆದುಕೊಂಡು ಹೋಗುವಂಥದ್ದು. ಒಮ್ಮೆ ಹೋದರೆ ಎಂಟು ಹತ್ತು ದಿನ ಬರುವುದಿಲ್ಲ. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗ್ನಲ್ ಇಲ್ಲ. ಹಾಗಾಗಿ ನಮ್ಮ ಸಂಪರ್ಕ ಹೀಗಿತ್ತು: ಸೋಮವಾರ ಮಕ್ಕಳು ಸ್ಟಾಫ್ ರೂಮಿಗೆ ಬಂದು ನನ್ನ ಫೋನಿನಲ್ಲಿ ಪ್ರಶ್ನೆ ರೆಕಾರ್ಡ್ ಮಾಡುತ್ತಾರೆ. ಕಳಿಸುತ್ತೇನೆ. ಒಂದು ಟಿಕ್ ಬೀಳುತ್ತದೆ. ಆಮೇಲೆ ದಿನಾ ಬೆಳಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಇಬ್ಬರು ಮೂವರು ಓಡಿ ಬಂದು ಕೇಳುತ್ತಾರೆ, “ಮಿಸ್, ಎರಡು ಟಿಕ್ ಆಯ್ತಾ?” ಇಲ್ಲ. ಏಳು ದಿನ, ಎಂಟು ದಿನ, ಒಂಬತ್ತು ದಿನ. ಒಂದು ದಿನ ಮೂರನೇ ಪೀರಿಯಡ್ಡಿನಲ್ಲಿ ಟುಣ್ ಟುಣ್ ಅಂತ ಹನ್ನೊಂದು ಉತ್ತರ ಒಟ್ಟಿಗೇ ಬಂದು ಬಿದ್ದವು. ಹಿಂದೆ ಎಂಜಿನ್ ಸದ್ದು, ಯಾರೋ ಪಾತ್ರೆ ತೊಳೆಯುವ ಸದ್ದು. ಆ ಪೀರಿಯಡ್ ಗಣಿತದ್ದು. ಗಣಿತದ ಮೇಷ್ಟ್ರು ಪಾಠ ನಿಲ್ಲಿಸಿ ತಾವೂ ಕೂತು ಕೇಳಿದರು.

ಇಲ್ಲೊಂದು ಮಾತು. ಮಕ್ಕಳ ಅಥವಾ ಅಪ್ಪ ಅಮ್ಮನ ನಂಬರ್ ಯಾರಿಗೂ ಕೊಡಬೇಡಿ. ಎಲ್ಲ ಒಬ್ಬ ಶಿಕ್ಷಕರ ಫೋನಿನಿಂದಲೇ ಆಗಲಿ. ನಾವು ಹಾಗೇ ಮಾಡಿದ್ದರಿಂದ ಪೋಷಕರ ಸಭೆಯಲ್ಲಿ ಆ ಪ್ರಶ್ನೆ ಬಂದಾಗ ಉತ್ತರ ಸಿದ್ಧವಿತ್ತು.

ಪ್ರಶ್ನೆಗಳು ನಾನು ಅಂದುಕೊಂಡ ಹಾಗೆ ಇರಲಿಲ್ಲ. ಉಪ್ಪಿನಂಶ, ಅಲೆ, ಉಬ್ಬರವಿಳಿತ ಕೇಳಬಹುದು ಅಂದುಕೊಂಡಿದ್ದೆ. ಅವರು ಕೇಳಿದ್ದು: ಬೋಟಿನಲ್ಲಿ ಅಡುಗೆ ಮಾಡೋದು ಯಾರು? ರಾತ್ರಿ ಭಯ ಆಗಲ್ವಾ? ದಿನಾ ಮೀನೇ ತಿಂತೀರಾ? ಜ್ವರ ಬಂದ್ರೆ? ಒಬ್ಬಳು ಮೆಲ್ಲಗೆ ಕೇಳಿದಳು, ಕಕ್ಕಸಿಗೆ ಎಲ್ಲಿಗೆ ಹೋಗ್ತೀರಿ? ಅದಕ್ಕೆ ಬಂದ ಉತ್ತರದಲ್ಲಿ ಮೊದಲ ಅರ್ಧ ನಿಮಿಷ ಏಳು ಜನ ನಗುವುದು ಮಾತ್ರ ಕೇಳುತ್ತದೆ.

ಸಮುದ್ರದ ವಿಜ್ಞಾನ ಅದರ ಬೆನ್ನಿಗೇ ಬಂತು. ಬೋಟ್ ಎಲ್ಲಿದೆ ಅಂತ ಭೂಪಟದಲ್ಲಿ ಗುರುತು ಹಾಕೋಣ, ಜಿಪಿಎಸ್ ನಂಬರ್ ಕಳಿಸಿ ಅಂತ ಕೇಳಿದೆವು. ತಾಂಡೇಲರು ಜಾರಿಕೊಂಡರು. ಮೀನು ಸಿಗುವ ಜಾಗದ ನಂಬರ್ ಯಾವ ತಾಂಡೇಲನೂ ಇನ್ನೊಬ್ಬನಿಗೆ ಹೇಳುವುದಿಲ್ಲವಂತೆ, ಹೈಸ್ಕೂಲಿನ ಮಕ್ಕಳಿಗೂ. ಅದರ ಬದಲು ಹೇಳಿದರು, “ಈಗ ನಲವತ್ತು ಮಾರು ನೀರಲ್ಲಿ ಇದ್ದೇವೆ.”

ಮಾರು ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ. ಕಡಲಿನವರು ಆಳ ಅಳೆಯುವುದು ಈಗಲೂ ಅದರಲ್ಲೇ. ಬಾವಿ ಹಗ್ಗ, ಎಮ್ಮೆ ಹಗ್ಗ ಎಲ್ಲ ಗಂಟು ಹಾಕಿಕೊಂಡು ಮಕ್ಕಳು ಆಟದ ಮೈದಾನಕ್ಕೆ ಹೋದರು. ಒಬ್ಬ ಹುಡುಗ ಕೈ ಚಾಚಿ ನಲವತ್ತು ಸಲ ಅಳೆದ. ಟೇಪ್ ಹಿಡಿದರೆ 60 ಮೀಟರ್ ಚಿಲ್ಲರೆ. ದೈಹಿಕ ಶಿಕ್ಷಕರು ಆರಡಿ ಆಳು. ಅವರು ಅಳೆದರೆ 72 ಮೀಟರ್ ದಾಟಿತು. ಯಾವುದು ಸರಿ ಅಂತ ಜಗಳ. ಕೊನೆಗೆ ತಾಂಡೇಲರನ್ನೇ ಕೇಳಿದರೆ, “ಆರಡಿಗೆ ಒಂದು ಮಾರು. ನಿಮ್ಮ ಹುಡುಗ ಅಳೆದ್ರೆ ಬಲೆ ನೆಲ ಮುಟ್ಟುದಿಲ್ಲ” ಅಂತ ಉತ್ತರ ಬಂತು. ಆ ಹಗ್ಗವನ್ನು ಶಾಲೆಯ ಗೇಟಿನಿಂದ ಹಾಸಿದರೆ ಹಿಂದಿನ ತೋಟದ ಬೇಲಿ ಮುಟ್ಟುತ್ತದೆ. ಅಷ್ಟು ನೀರು ಕಾಲ ಕೆಳಗೆ. ಆವತ್ತು ಮಕ್ಕಳು ಸುಮ್ಮನಾದದ್ದನ್ನು ನಾನು ಬೇರೆ ಯಾವ ಪಾಠದಲ್ಲೂ ನೋಡಿಲ್ಲ.

ಅಕ್ಟೋಬರ್ ಕೊನೆ ಮಾತ್ರ ಕಷ್ಟದ್ದು. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ, ಮೀನುಗಾರರು ಕಡಲಿಗೆ ಇಳಿಯಬಾರದು ಅಂತ ಪೇಪರಿನಲ್ಲಿ ಬಂತು. ನಮ್ಮ ಬೋಟ್ ಆಗಲೇ ಹೋಗಿ ಆರು ದಿನ ಆಗಿತ್ತು. ಒಂದೇ ಟಿಕ್. ಮಕ್ಕಳು ಕೇಳುವುದನ್ನು ನಿಲ್ಲಿಸಿದರು, ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಹೋಗುತ್ತಿದ್ದರು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ‘ಸುವರ್ಣ ತ್ರಿಭುಜ’ ಬೋಟ್ ಏಳು ಜನರ ಸಮೇತ ಕಾಣೆಯಾದದ್ದು ನನಗೆ ಗೊತ್ತಿತ್ತು. ಅದರ ಅವಶೇಷ ಸಿಕ್ಕಿದ್ದು ಮರುವರ್ಷ ಮಹಾರಾಷ್ಟ್ರದ ಮಾಲ್ವಣ್ ಹತ್ತಿರ. ಮಕ್ಕಳಿಗೆ ಹೇಳಿರಲಿಲ್ಲ. ನಾಲ್ಕನೇ ದಿನ ರಾತ್ರಿ ಒಂಬತ್ತಕ್ಕೆ ಎರಡು ಟಿಕ್ ಬಿತ್ತು. “ಕಾರವಾರದಲ್ಲಿ ಕಟ್ಟಿದ್ದೇವೆ ಅಕ್ಕೋರೆ. ಮಕ್ಕಳಿಗೆ ಹೇಳಿ.” ಇಂಥ ಸಂಪರ್ಕ ಬೆಳೆಸುವ ಮೊದಲು ಇದನ್ನೂ ಯೋಚಿಸಿಕೊಳ್ಳಿ. ಪಠ್ಯಪುಸ್ತಕದ ಸಮುದ್ರ ಯಾರನ್ನೂ ಕಾಯಿಸುವುದಿಲ್ಲ.

ನವೆಂಬರಿನಲ್ಲಿ ಮಲ್ಪೆಗೆ ಹೋಗಲು ಕಾಗದಪತ್ರ ಶುರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ನಡೆಸಿ ನಡಾವಳಿ ಬರೆಸಬೇಕು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ. ಅದಕ್ಕೆ ಮಕ್ಕಳ ಪಟ್ಟಿ, ಪೋಷಕರ ಒಪ್ಪಿಗೆ ಪತ್ರ, ಜೊತೆಗೆ ಬರುವ ಶಿಕ್ಷಕರ ಹೆಸರು, ಬಸ್ಸಿನ ವಿವರ. ಬಂದರಿನ ಒಳಗೆ ಹೋಗಲು ಮೀನುಗಾರಿಕೆ ಇಲಾಖೆಗೆ ಒಂದು, ಮೀನುಗಾರರ ಸಂಘಕ್ಕೆ ಒಂದು, ಕರಾವಳಿ ಕಾವಲು ಪೊಲೀಸರಿಗೆ ಮಾಹಿತಿಗಾಗಿ ಒಂದು ಪತ್ರ. ಈ ಸಲ ಅಂಚೆಗೆ ಹಾಕಲಿಲ್ಲ. ಒಂದು ಶನಿವಾರ ನಾನೇ ಉಡುಪಿಗೆ ಹೋಗಿ ಕೊಟ್ಟು, ನನ್ನ ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಅಂತ ಸೀಲು ಹಾಕಿಸಿಕೊಂಡು ಬಂದೆ. ಆ ಸೀಲು ಆಮೇಲೆ ಎರಡು ಸಲ ಕಾಪಾಡಿತು.

ದೊಡ್ಡ ಗೋಡೆ ಪೋಷಕರದ್ದು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾಗಿದ್ದರು. ಅದನ್ನು ಯಾರೂ ಮರೆತಿಲ್ಲ, ಮರೆಯಲೂಬಾರದು. “ಸಮುದ್ರ ಅಂದ್ರೆ ಕಳಸಲ್ಲ ಮೇಡಂ” ಅಂದರು ಒಬ್ಬ ತಾಯಿ. ವಾದ ಮಾಡಲು ನನಗೆ ಬಾಯಿ ಬರಲಿಲ್ಲ. ಒಪ್ಪಿಗೆ ಪತ್ರದಲ್ಲಿ ಕೈಬರಹದಲ್ಲಿ ಒಂದು ಸಾಲು ಸೇರಿಸಿದೆ: ‘ಮಕ್ಕಳನ್ನು ಬೀಚಿಗೆ ಕರೆದೊಯ್ಯುವುದಿಲ್ಲ, ನೀರಿಗೆ ಇಳಿಸುವುದಿಲ್ಲ.’ ಆಮೇಲೆ 27 ಸಹಿ ಬಂದವು. ಏಳು ಬರಲಿಲ್ಲ.

ಇನ್ನು ದಿನಾಂಕ. ಕಚೇರಿಗೆ ದಿನಾಂಕ ಮುಂಚೆಯೇ ಬೇಕು. ಬೋಟಿಗೆ ದಿನಾಂಕವೇ ಇಲ್ಲ, ಮೀನು ತುಂಬಿದ ದಿನ ಬರುತ್ತದೆ. ಇದಕ್ಕೆ ನಾನು ಎರಡು ರಾತ್ರಿ ನಿದ್ದೆಗೆಟ್ಟೆ. ಕೊನೆಗೆ ತಾಂಡೇಲರೇ ಬೋಟ್ ಮಾಲೀಕರ ಹತ್ತಿರ ಮಾತಾಡಿ, ಡಿಸೆಂಬರ್ ಎರಡನೇ ವಾರ ಬಲೆ ರಿಪೇರಿಗೆ ಒಂದು ದಿನ ನಿಲ್ಲುವುದು ಅಂತ ಮಾಡಿದರು. ಅದೂ ತಪ್ಪಿದರೆ ಇರಲಿ ಅಂತ ತಮ್ಮ ಭಾವನ ಬೋಟನ್ನೂ ಹೇಳಿಟ್ಟಿದ್ದರು. ನೀವೂ ಎರಡು ಬೋಟ್ ಹೇಳಿಟ್ಟುಕೊಳ್ಳಿ.

ಬಸ್ಸಿನದು ಇನ್ನೊಂದು. ಮೀನು ಇಳಿಸುವುದು, ಹರಾಜು ಎಲ್ಲ ಬೆಳಗಿನ ಜಾವ. ರಾತ್ರಿ ಹೊರಟು ಬೆಳಗ್ಗೆ ತಲುಪೋಣ ಅಂದುಕೊಂಡಿದ್ದೆ. ಶಾಲಾ ಪ್ರವಾಸಕ್ಕೆ ರಾತ್ರಿ ಪ್ರಯಾಣ ಬೇಡ ಅಂದರು, ಸರಿಯಾದ ಮಾತೇ. ಹಾಗಾಗಿ ಒಂದು ದಿನದ ಪ್ರವಾಸ ಎರಡು ದಿನದ್ದಾಯಿತು. ಉಡುಪಿಯ ಒಂದು ಸರ್ಕಾರಿ ಶಾಲೆಯ ಹಾಲ್ ಕೇಳಿ ಪಡೆದೆವು. ದೊಡ್ಡ ಬಸ್ಸನ್ನು ಆಗುಂಬೆ ಘಾಟಿಯಲ್ಲಿ ಇಳಿಸುವ ಹಾಗಿಲ್ಲ. ಮಾಸ್ತಿಕಟ್ಟೆ, ಬಾಳೆಬರೆ ಘಾಟಿ ಇಳಿದು ಸಿದ್ದಾಪುರದ ಮೇಲೆ ಸುತ್ತಿ ಹೋಗಬೇಕು. ಕಿಲೋಮೀಟರ್ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ. ನಾನು ಮರೆತಿದ್ದೆ.

ಖರ್ಚು ಹೇಳಿಬಿಡುತ್ತೇನೆ. ಕೆಎಸ್‌ಆರ್‌ಟಿಸಿ ಬಸ್ಸಿಗೆ 21,800. ಊಟ ತಿಂಡಿಗೆ 4,300. ಜೆರಾಕ್ಸು, ಓಡಾಟ 600. ಬೋಟಿನವರಿಗೆ ಒಯ್ದ ಉಡುಗೊರೆಗೆ 1,200. ಒಟ್ಟು 27,900 ರೂಪಾಯಿ. ಮಕ್ಕಳಿಂದ ತಲಾ 650, ಎಸ್‌ಡಿಎಂಸಿಯಿಂದ 5,000, ಉಳಿದದ್ದು ಹಳೆ ವಿದ್ಯಾರ್ಥಿಗಳು ಮತ್ತು ನಾವು ಮೇಷ್ಟ್ರುಗಳು. ಬೋಟಿನವರು ಹಣ ಮುಟ್ಟಲಿಲ್ಲ. ಟ್ರಿಪ್‌ನಲ್ಲಿ ಡೀಸೆಲ್, ಐಸ್ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು ಸಿಗುವ ಜನ ಅವರು, ಒಂದು ದಿನ ನಿಂತರೆ ನಷ್ಟವೇ. ಹಲಸಿನ ಹಪ್ಪಳ, ಒಂದು ಮೂಟೆ ಮಂಡಕ್ಕಿ, ಚಕ್ಕುಲಿ ಕೊಟ್ಟೆವು. ಕಡಲಲ್ಲಿ ಸಂಜೆಗೆ ಅದೇ ಬೇಕಿತ್ತು ಅಂದರು.

ಬೆಳಗ್ಗೆ ಐದೂವರೆಗೆ ಬಂದರಿನಲ್ಲಿದ್ದೆವು. ಲೈಟು, ಡೀಸೆಲ್ ವಾಸನೆ, ಐಸ್ ಪುಡಿ ಮಾಡುವ ಸದ್ದು, ನೆಲ ಪೂರ್ತಿ ಒದ್ದೆ. ಬುಟ್ಟಿ ಹೊತ್ತ ಹೆಂಗಸರು “ಬದಿಗೆ, ಬದಿಗೆ” ಅಂತ ಓಡುತ್ತಿದ್ದರು. ನಮ್ಮ ಮಕ್ಕಳು ಅವರ ದಾರಿಗೆ ಅಡ್ಡ ನಿಂತು ಎರಡು ಸಲ ಬೈಸಿಕೊಂಡರು. ಮಕ್ಕಳಿಗೆ ಚಪ್ಪಲಿ ಬೇಡ, ಶೂ ಹಾಕಿಸಿ.

ಯಾರೂ ಹೇಳದಿದ್ದ ಒಂದು ತೊಡಕು ಅಲ್ಲಿ ಕಾದಿತ್ತು. ಬೋಟುಗಳು ದಕ್ಕೆಗೆ ಒಂದರ ಪಕ್ಕ ಒಂದು ಕಟ್ಟಿರುತ್ತವೆ. ನಮ್ಮದು ಐದನೆಯದು. ಅಂದರೆ ನಾಲ್ಕು ಬೋಟ್ ದಾಟಿ ಹೋಗಬೇಕು, ನಡುವೆ ಅಲುಗಾಡುವ ಸಂದು. ನನ್ನ ಎದೆ ಧಸಕ್ಕೆಂದಿತು. ‘ಬೇಡ, ಇಲ್ಲಿಂದಲೇ ನೋಡೋಣ’ ಅಂತ ಹೇಳಲು ಬಾಯಿ ತೆರೆದಿದ್ದೆ. ತಾಂಡೇಲರು ನೋಡಿದರು, ಏನೂ ಅನ್ನಲಿಲ್ಲ. ಅರ್ಧ ಗಂಟೆ ಅತ್ತಿತ್ತ ಕೂಗಾಡಿ, ಹಗ್ಗ ಬಿಚ್ಚಿಸಿ, ತಮ್ಮ ಬೋಟನ್ನು ದಕ್ಕೆಯ ಪಕ್ಕಕ್ಕೇ ತಂದರು. ಆಮೇಲೆ ಲೈಫ್ ಜಾಕೆಟ್ ಹಾಕಿಸಿ ಆರಾರು ಮಕ್ಕಳ ಹಾಗೆ ಹತ್ತಿಸಿದೆವು. ಒಬ್ಬೊಬ್ಬರಿಗೂ ಇಬ್ಬರು ಕಲಾಸಿಗಳ, ಅಂದರೆ ಬೋಟಿನ ಕೆಲಸಗಾರರ ಕೈ. ಆದರೂ ಶೂ ಇಲ್ಲದ ಒಬ್ಬಳ ಒಂದು ಚಪ್ಪಲಿ ಸಂದಿನಲ್ಲಿ ಬಿದ್ದೇ ಹೋಯಿತು.

ಅಡುಗೆಯ ಗ್ಯಾಸ್ ಒಲೆ, ಮಂಚದ ಹಾಗೆ ಜೋಡಿಸಿದ ಹಲಗೆ, ಕುಡಿಯುವ ನೀರಿನ ಡ್ರಮ್, ಐಸ್ ತುಂಬುವ ಕೆಳಗಿನ ಗುಂಡಿ, ಎಲ್ಲ ನೋಡಿದರು. ಒಬ್ಬ ಹುಡುಗ ಬಲೆಯ ಕೊನೆಯ ಚೀಲಕ್ಕೆ ಸ್ಕೇಲ್ ಇಟ್ಟು ಕಣ್ಣು ಅಳೆದ. ಅಲ್ಲಿ 35 ಮಿಲಿಮೀಟರ್ ಕಣ್ಣು ಇರಬೇಕು ಅನ್ನುವುದು ನಿಯಮ, ಮರಿಗಳು ತಪ್ಪಿಸಿಕೊಳ್ಳಲಿ ಅಂತ. ವೈರ್‌ಲೆಸ್‌ನಲ್ಲಿ ಮಕ್ಕಳಿಂದ ಒಂದು ‘ಹಲೋ’ ಅನ್ನಿಸಿ ಅಂತ ನಾನು ಕೇಳಿದೆ. ತಾಂಡೇಲರು ಖಡಕ್ಕಾಗಿ ಬೇಡ ಅಂದರು. 16ನೇ ಚಾನೆಲ್ ಅಪಾಯದಲ್ಲಿ ಇರುವವರಿಗಾಗಿ ಸದಾ ತೆರೆದಿರಬೇಕು. ನನಗೇ ಪಾಠ ಆಯಿತು.

ಹರಾಜಿನ ರಾಶಿಯಲ್ಲಿ ಒಂದು ಕಪ್ಪು ಮೀನು ಬುಟ್ಟಿಗಟ್ಟಲೆ ಬಿದ್ದಿತ್ತು. ಕ್ಲಾತಿ ಅನ್ನುತ್ತಾರೆ. ಆಡುಮಾತಿನಲ್ಲಿ ‘ಕಾರ್ಗಿಲ್’. ಆ ಯುದ್ಧದ ಸುಮಾರಿಗೆ ಈ ಕಡೆ ಜಾಸ್ತಿ ಸಿಗತೊಡಗಿತಂತೆ, ಅದಕ್ಕೇ ಆ ಹೆಸರು. ಹಾಗೇ ನಮ್ಮ ಬೂತಾಯಿಗೆ ಕುಂದಾಪುರದವರು ಬೈಗೆ ಅನ್ನುತ್ತಾರೆ, ತಾಂಡೇಲರ ಊರಿನಲ್ಲಿ ತಾರ್ಲೆ. ಮಕ್ಕಳ ನೋಟ್‌ಬುಕ್ಕಿನಲ್ಲಿ ಆವತ್ತು ಜಾಸ್ತಿ ತುಂಬಿದ್ದು ಹೆಸರುಗಳೇ.

ಬೀಚಿಗೆ ಹೋಗಲಿಲ್ಲ. ಬಸ್ಸಿನ ಕಿಟಕಿಯಿಂದ ಅಲೆ ಕಾಣುತ್ತಿತ್ತು, ಮಕ್ಕಳು ಎಲ್ಲ ಒಂದೇ ಬದಿಗೆ ಬಂದು ನಿಂತಿದ್ದರು. ನನ್ನ ಕಡೆ ನೋಡಿದರು. ನಾನು ಡ್ರೈವರಿಗೆ ಹೋಗೋಣ ಅಂದೆ. ಅಲ್ಲಿಯವರೆಗೆ ಹೋಗಿ ಕಾಲು ಒದ್ದೆ ಮಾಡಿಸದೆ ಕರೆತಂದೆ ಅನ್ನುವುದು ಈಗಲೂ ಚುಚ್ಚುತ್ತದೆ. ಆದರೆ ಸಹಿ ಹಾಕಿಸಿದ ಮಾತು ಅದು.

ತಾಂಡೇಲರಿಗೆ ಆ ಸಾಲು ಮೊದಲೇ ಹೇಳಿದ್ದೆ. ಬೋಟಿನಿಂದ ಇಳಿಯುವ ಹೊತ್ತಿಗೆ ಒಂದು ಕ್ಯಾನ್ ತಂದು ಇಟ್ಟಿದ್ದರು. “ದಕ್ಕೆ ನೀರು ಬೇಡ ಅಕ್ಕೋರೆ, ಅದು ಡೀಸೆಲ್ ನೀರು. ಇದು ನಲವತ್ತು ಮಾರಿನ ಜಾಗದ್ದು.” ಮಕ್ಕಳು ಒಬ್ಬೊಬ್ಬರಾಗಿ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಥೂ ಅಂದವರೇ ಮತ್ತೆ ಸಾಲಿನ ಹಿಂದೆ ಹೋಗಿ ನಿಂತರು.

ಕ್ಯಾನ್ ಶಾಲೆಗೆ ಬಂತು. ಮನೆಯಲ್ಲೇ ಉಳಿದಿದ್ದ ಏಳು ಮಕ್ಕಳಿಂದಲೇ ಒಂದು ಲೀಟರ್ ಅಳೆಸಿ, ಬಿಸಿಯೂಟದ ಅಡುಗೆಯವರ ಪಾತ್ರೆಯಲ್ಲಿ ಕುದಿಸಿ ಬತ್ತಿಸಿದೆವು. ತಳದಲ್ಲಿ ಬೂದು ಬಣ್ಣದ ಉಪ್ಪು. ತೂಗಿದರೆ 34 ಗ್ರಾಂ. ಪುಸ್ತಕದಲ್ಲಿ ಸುಮಾರು 35 ಅಂತಿದೆ. ಒಂದು ಗ್ರಾಂ ಎಲ್ಲಿ ಹೋಯಿತು ಅಂತ ಇನ್ನೂ ಚರ್ಚೆ ನಡೆಯುತ್ತಿದೆ. ಪಾತ್ರೆಗೆ ಅಂಟಿಕೊಂಡಿದೆ ಅನ್ನುವುದು ಅಡುಗೆಯವರ ಅಭಿಪ್ರಾಯ. ಉಜ್ಜಿ ತೊಳೆದದ್ದು ಅವರೇ.

ಮೊನ್ನೆ ಬಂದ ವಾಯ್ಸ್ ಮೆಸೇಜಿನಲ್ಲಿ ತಾಂಡೇಲರು ತಿರುಗಿ ಕೇಳಿದ್ದಾರೆ. ಜೂನಿನಲ್ಲಿ ಬೋಟ್ ಕಟ್ಟಿದ ಮೇಲೆ ಏಳೂ ಜನ ನಮ್ಮೂರಿಗೆ ಬರುತ್ತಾರಂತೆ. ಮೆಕ್ಕೆಜೋಳ ಬಿತ್ತುವುದನ್ನು ನೋಡಬೇಕಂತೆ, ಹಾಗೇ ಜೋಗಕ್ಕೂ ಹೋಗಬೇಕಂತೆ. ಯಾರ ಮನೆಯಲ್ಲಿ ಎಷ್ಟು ಜನ ಮಲಗುವುದು ಅಂತ ಮಕ್ಕಳು ಆಗಲೇ ಪಟ್ಟಿ ಮಾಡಿ ತಂದರು. ಎಚ್‌ಎಂ ಸರ್ ಪಟ್ಟಿ ನೋಡಿ, ಕನ್ನಡಕ ತೆಗೆದು ಕೇಳಿದರು, “ಇದಕ್ಕೆ ಯಾರ ಅನುಮತಿ ತಗೋಬೇಕ್ರೀ ಮೇಡಂ?”